ಐಸ್ ಕಟ್ಟಿದ ರಾತ್ರಿ

ಮಲ್ಪೆ ಬಂದರಿನ ಹಿಂದಿನ ರಸ್ತೆಯ ಒಂದು ಐಸ್ ಪ್ಲಾಂಟಿನಲ್ಲಿ ಅಪ್ಪ 31 ವರ್ಷ ಕೆಲಸ ಮಾಡಿದರು. ಉಪ್ಪುನೀರಿನ ದೊಡ್ಡ ತೊಟ್ಟಿ, ಅದರೊಳಗೆ ಸಾಲಾಗಿ ಇಳಿಬಿಟ್ಟ ತಗಡಿನ ಕ್ಯಾನುಗಳು, ಮೂಗಿಗೆ ಚುರುಕೆನ್ನುವ ಅಮೋನಿಯಾದ ವಾಸನೆ, ಕ್ಯಾನಿನಿಂದ ಜಾರಿ ಬಂದ ಐಸ್ ದಿಮ್ಮಿಯನ್ನು ಕೊಕ್ಕೆ ಹಾಕಿ ಎಳೆಯುವಾಗ ಸಿಮೆಂಟ್ ನೆಲದಿಂದ ಏಳುವ ಸದ್ದು, ಇವುಗಳ ನಡುವೆಯೇ ನನ್ನ ಬಾಲ್ಯದ ಬೇಸಿಗೆ ರಜೆಗಳು ಕಳೆದವು. ದಿಮ್ಮಿಯನ್ನು ಕ್ರಷರಿಗೆ ಹಾಕಿ ಪುಡಿಮಾಡಿದ ಮೇಲೆ ಅದನ್ನು ಸ್ವಲ್ಪ ಹೊತ್ತು ಹಾಗೇ ಬಿಟ್ಟರೆ ಕಾಳಿಗೆ ಕಾಳು ಅಂಟಿಕೊಂಡು ಸಲಿಕೆಗೆ ಬಗ್ಗದ ಗಡ್ಡೆಯಾಗುತ್ತಿತ್ತು. ಕಾಳಿನ ಒಳಗೆ ಉಳಿದಿರುವ ತಂಪು ಹೊರಮೈಯ ತೆಳ್ಳನೆಯ ನೀರಿನ ಪದರವನ್ನು ಮತ್ತೆ ಹೆಪ್ಪುಗಟ್ಟಿಸುವುದರಿಂದ ಹೀಗಾಗುತ್ತದೆ ಎಂದು ನನಗೆ ಗೊತ್ತಾದದ್ದು ಬಹಳ ವರ್ಷಗಳ ಮೇಲೆ. ಅಪ್ಪ ಅದಕ್ಕೆ "ಐಸ್ ಕಟ್ಟಿತು" ಎನ್ನುತ್ತಿದ್ದರು. ಆ ತಂಪು ಮುಗಿದು ಕಾಳುಗಳು ಒಂದರಿಂದೊಂದು ಬಿಡಿಯಾಗತೊಡಗಿದರೆ "ಐಸ್ ಬಿಟ್ಟಿತು" ಎನ್ನುತ್ತಿದ್ದರು.

ಕಟ್ಟುವುದು ಮತ್ತು ಬಿಡುವುದು ಎಂಬ ಈ ಎರಡು ಮಾತುಗಳು ಕಡಲಿನಿಂದ ಬಹುದೂರದ, ಅಮೆರಿಕದ ಕೊಲರಾಡೊ ರಾಜ್ಯದ ಪರ್ವತಗಳಲ್ಲಿ ನನ್ನ ಕೈಹಿಡಿದವು. ಕೆಲಸದ ನಿಮಿತ್ತ ನಾನು 9 ವರ್ಷ ಅಲ್ಲಿನ ಡೆನ್ವರ್‌ನಲ್ಲಿದ್ದೆ. ಮೂರನೆಯ ಚಳಿಗಾಲದಲ್ಲಿ ಎಲ್ಲರಂತೆ, ಜನರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟ್ ಇರುವ ರೆಸಾರ್ಟಿನಲ್ಲಿ ಸ್ಕೀ ಕಲಿತೆ, ಅಂದರೆ ಕಾಲಿಗೆ ಉದ್ದನೆಯ ಹಲಗೆಗಳನ್ನು ಕಟ್ಟಿಕೊಂಡು ಹಿಮದ ಮೇಲೆ ಜಾರುವುದನ್ನು. ಆರನೆಯ ವರ್ಷದ ವಸಂತದಿಂದ ಲಿಫ್ಟ್ ಇಲ್ಲದ, ಯಾರೂ ಹದಗೊಳಿಸದ ಬೆಟ್ಟಗಳನ್ನು ಕಾಲ್ನಡಿಗೆಯಲ್ಲಿ ಹತ್ತಿ ಸ್ಕೀಯಲ್ಲಿ ಇಳಿಯುವುದಕ್ಕೆ ತೊಡಗಿದೆ. ಈಗ ಉಡುಪಿಗೆ ಮರಳಿದ್ದೇನೆ. ಮೊನ್ನೆ ಮನೆಗೆ ಬಂದ ಚಿಕ್ಕಮ್ಮ ನನ್ನ ಹಳೆಯ ಚಿತ್ರಗಳನ್ನು ನೋಡುತ್ತಾ ಕೇಳಿದರು: "ಬೆಟ್ಟದಿಂದ ಜಾರಿ ಬರ್ಲಿಕ್ಕೆ ನಡುರಾತ್ರಿ ಎದ್ದು ಹೋಗುದೆಂತಕ್ಕೆ ಮಾರಾಯ್ತಿ? ಬೆಳಗಾದ ಮೇಲೆ ಹೋದ್ರೆ ಆಗುದಿಲ್ವಾ?" ಅವರಿಗೆ ಆಗ ಕೊಟ್ಟ ಉತ್ತರ ಅರೆಬರೆಯಾಗಿತ್ತು. ಪೂರ್ತಿ ಉತ್ತರಕ್ಕೆ ಇಷ್ಟು ಬರೆಯಬೇಕಾಯಿತು.

ನಾವು ಇಳಿಯುತ್ತಿದ್ದ ಜಾಗಗಳಿಗೆ ಪರ್ವತಾರೋಹಿಗಳು ಕೂಲ್ವಾರ್ ಎನ್ನುತ್ತಾರೆ. ಅದು ಫ್ರೆಂಚ್ ಪದ, ಮನೆಯೊಳಗಿನ ಉದ್ದನೆಯ ಕಿರಿದಾದ ಹಾದಿಗೆ ಬಳಸುವಂಥದ್ದು. ಕನ್ನಡದಲ್ಲಿ ಅದಕ್ಕೆ ಓಣಿ ಎನ್ನುವುದೇ ಸರಿ ಎಂದು ನನಗನಿಸುತ್ತದೆ. ನಮ್ಮ ಕಡೆಯ ಹಳೆಯ ಓಣಿಗಳನ್ನು ಕಂಡವರಿಗೆ ಚಿತ್ರ ತಾನಾಗಿ ಮೂಡುತ್ತದೆ: ಎರಡೂ ಬದಿಗೆ ಆಳೆತ್ತರದ ಮುರಕಲ್ಲಿನ ದರೆ, ನಡುವೆ ಮಳೆಗಾಲದಲ್ಲಿ ತೋಡಿನಂತೆ ನೀರು ಹರಿಯುವ ದಾರಿ. ಆ ದರೆಗಳನ್ನು ಕಪ್ಪು ಬಂಡೆಯ ಗೋಡೆಗಳಾಗಿಸಿ, ಓಣಿಯನ್ನು 40 ಡಿಗ್ರಿ ಓರೆಗೆ ಎತ್ತಿ ನಿಲ್ಲಿಸಿ, ಐನೂರರಿಂದ ಸಾವಿರ ಮೀಟರ್ ಎತ್ತರಕ್ಕೆ ಎಳೆದು, ಅದರ ತುಂಬ ಹಿಮ ತುಂಬಿದರೆ ಕೂಲ್ವಾರ್ ಆಗುತ್ತದೆ. 40 ಡಿಗ್ರಿ ಎಂದರೆ ನಮ್ಮ ಹಂಚಿನ ಮಾಡಿಗಿಂತ ಕಡಿದಾದ ಇಳಿಜಾರು. 45 ಡಿಗ್ರಿಯಲ್ಲಿ ನೆಟ್ಟಗೆ ನಿಂತು ಬೆಟ್ಟದ ಬದಿಯ ಕೈಯನ್ನು ಚಾಚಿದರೆ ಹಿಮ ಬೆರಳಿಗೆ ತಗಲುತ್ತದೆ, ಕೆಳಗಿನ ಬದಿಯಲ್ಲಿ ಕಣ್ಣಿಗೆ ಸ್ಕೀಯ ಅಂಚು ಬಿಟ್ಟರೆ ಬೇರೇನೂ ಕಾಣಿಸುವುದಿಲ್ಲ.

ಇಂಥ ಓಣಿಗಳಿಗೆ ಕೊಲರಾಡೊದಲ್ಲಿ ಚಳಿಗಾಲದ ನಡುವೆ ಬಲ್ಲವರು ಹೋಗುವುದು ಕಡಿಮೆ. ಅಲ್ಲಿನ ಹಿಮ ತೆಳು, ಹವೆ ಅತಿ ಚಳಿ, ಗಾಳಿ ಒಣ. ನೆಲಕ್ಕೆ ತಾಗಿದ ಹಿಮ ಶೂನ್ಯ ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಮೇಲ್ಮೈ ಅದಕ್ಕಿಂತ ಎಷ್ಟೋ ಡಿಗ್ರಿ ಕೆಳಗಿರುತ್ತದೆ. ಈ ಎರಡರ ನಡುವಿನ ವ್ಯತ್ಯಾಸದಿಂದ ನೀರಾವಿ ಕೆಳಗಿನಿಂದ ಮೇಲಕ್ಕೆ ಸಾಗುತ್ತಾ, ತಳದ ಹಿಮವನ್ನು ಸಕ್ಕರೆಯಂಥ ಮೂಲೆ ಮೂಲೆಯ ಹರಳುಗಳನ್ನಾಗಿ ಬದಲಾಯಿಸುತ್ತದೆ. ಸಕ್ಕರೆಯ ರಾಶಿಯ ಮೇಲೆ ಹಲಗೆ ಇಟ್ಟು ಓರೆ ಮಾಡಿದರೆ ಏನಾಗುತ್ತದೆಯೋ ಅದೇ ಅಲ್ಲಿ ಆಗುತ್ತದೆ. ಮೇಲಿನ ಗಟ್ಟಿ ಪದರ ಒಬ್ಬನ ಭಾರಕ್ಕೆ ಬಿರುಕುಬಿಟ್ಟು ಇಡೀ ಹಲಗೆಯಾಗಿ ಜಾರುತ್ತದೆ. ಏಪ್ರಿಲ್ ಕಳೆದು ಮೇ ಬಂದಾಗ ಬಿಸಿಲಿಗೆ ಕರಗಿದ ನೀರು ಪದರಗಳ ಮೂಲಕ ಇಳಿದು ತಳ ಮುಟ್ಟುತ್ತದೆ, ಮೇಲಿನಿಂದ ಕೆಳಗಿನವರೆಗೆ ಹಿಮವೆಲ್ಲ ಒಂದೇ ಶೂನ್ಯ ಡಿಗ್ರಿಗೆ ಬರುತ್ತದೆ, ಆ ಹರಳುಗಳ ಮೂಲೆಗಳು ಸವೆದು ದುಂಡಗಾಗುತ್ತವೆ. ನೀರು ಮೊದಲ ಬಾರಿ ಇಳಿಯುವ ದಿನಗಳು ತೀರ ಅಪಾಯದವು. ಆ ದಿನಗಳು ದಾಟಿ, ನೀರು ಬಸಿದುಹೋಗಲು ದಾರಿ ಮಾಡಿಕೊಂಡು, ಪ್ರತಿ ರಾತ್ರಿ ಹಿಮ ಹೆಪ್ಪುಗಟ್ಟುವ ಕ್ರಮ ಹಿಡಿದ ಮೇಲೆ ಕೆಲವು ವಾರ ಕಡಿದಾದ ಓಣಿಗಳು ಮನುಷ್ಯರಿಗೆ ತೆರೆಯುತ್ತವೆ. ವಸಂತ ಬಂದಿತೆಂದ ಮಾತ್ರಕ್ಕೆ ತೆರೆಯುವುದಿಲ್ಲ. 2013ರ ಏಪ್ರಿಲ್ 20ರಂದು, ಕ್ಯಾಲೆಂಡರಿನ ಪ್ರಕಾರ ವಸಂತವೇ ಆಗಿದ್ದಾಗ, ಅದೇ ರಾಜ್ಯದ ಲವ್‌ಲ್ಯಾಂಡ್ ಪಾಸ್ ಬಳಿಯ ಶೀಪ್ ಕ್ರೀಕ್‌ನಲ್ಲಿ ತಳದ ದುರ್ಬಲ ಪದರ ಕುಸಿದು ಐದು ಮಂದಿ ಸತ್ತರು. ನಾನು ಹಿಮ ಕುಸಿತದ ತರಬೇತಿಗೆ ಹೋದಾಗ ಮೊದಲ ದಿನ ಕಲಿಸಿದ್ದು ಈ ಘಟನೆಯನ್ನೇ.

ಕರಗಿ ಹೆಪ್ಪುಗಟ್ಟಿ, ಮತ್ತೆ ಕರಗಿ ಹೆಪ್ಪುಗಟ್ಟಿ, ಹೀಗೆ ಹತ್ತಾರು ದಿನ ಕಳೆದ ಹಿಮದ ಮೇಲ್ಮೈಗೆ ಕಾರ್ನ್ ಸ್ನೋ ಎಂಬ ಹೆಸರಿದೆ. ಇಲ್ಲಿ ಕಾರ್ನ್ ಎಂದರೆ ಜೋಳವಲ್ಲ, ಕಾಳು. ನೆನೆಸಿದ ಸಾಬಕ್ಕಿಯಷ್ಟು ದಪ್ಪದ, ಸಾಬಕ್ಕಿಯಂತೆಯೇ ಅರೆಪಾರದರ್ಶಕವಾದ ಕಾಳುಗಳು. ರಾತ್ರಿ ಇವು ಒಂದಕ್ಕೊಂದು ಬೆಸೆದು ಕಾಂಕ್ರೀಟಿನಂತಾಗುತ್ತವೆ. ಬೆಳಗಿನ ಬಿಸಿಲು ಬಿದ್ದ ಮೇಲೆ ಮೇಲಿನ ಎರಡು ಮೂರು ಸೆಂಟಿಮೀಟರ್ ಮಾತ್ರ ಬಿಡಿಯಾಗಿ, ಕೆಳಗೆ ಗಟ್ಟಿ ನೆಲ ಹಾಗೆಯೇ ಇರುತ್ತದೆ. ಆ ಸ್ಥಿತಿಯಲ್ಲಿ ಸ್ಕೀ ಓಡುವಷ್ಟು ನಯವಾಗಿ ಬೇರೆ ಯಾವ ಹಿಮದಲ್ಲೂ ಓಡುವುದಿಲ್ಲ. ಆದರೆ ಆ ಸ್ಥಿತಿ ಉಳಿಯುವುದು ಒಂದು ಗಂಟೆ, ಹೆಚ್ಚೆಂದರೆ ಎರಡು. ಅದಕ್ಕಿಂತ ಮುಂಚೆ ಹೋದರೆ ಗಾಜಿನ ಮೇಲೆ ಇಳಿದಂತೆ, ತಡವಾಗಿ ಹೋದರೆ ಮೊಣಕಾಲಿನವರೆಗೆ ಹೂಳುವ ನೀರು ಹಿಮ. ಪೂರ್ವಕ್ಕೆ ಮುಖಮಾಡಿದ ಓಣಿಗೆ ಮೊದಲು ಬಿಸಿಲು, ಆಮೇಲೆ ದಕ್ಷಿಣಕ್ಕೆ, ಕೊನೆಗೆ ಪಶ್ಚಿಮಕ್ಕೆ. ಒಂದೇ ಶಿಖರದ ಮೂರು ಓಣಿಗಳಿಗೆ ಮೂರು ಬೇರೆ ಬೇರೆ ಗಳಿಗೆಗಳು. ನಡುರಾತ್ರಿ ಏಳುವುದು ಇದಕ್ಕಾಗಿ, ಚಿಕ್ಕಮ್ಮ.

ಎಲ್ಲಕ್ಕಿಂತ ಮುಖ್ಯವಾದದ್ದು ಹಿಂದಿನ ರಾತ್ರಿಯ ಆಕಾಶ. ಹಿಮ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣಿಯುತ್ತದೆ. ಮೋಡವಿಲ್ಲದ ಒಣ ರಾತ್ರಿಯಲ್ಲಿ ಗಾಳಿಯ ಉಷ್ಣತೆ ಶೂನ್ಯಕ್ಕಿಂತ ತುಸು ಮೇಲಿದ್ದರೂ ಹಿಮದ ಮೈ ಹೆಪ್ಪುಗಟ್ಟಬಲ್ಲದು; ಮೋಡ ಕವಿದರೆ ಅದು ಕಂಬಳಿಯಂತೆ ಶಾಖವನ್ನು ಹಿಂದಕ್ಕೆ ಕಳಿಸುತ್ತದೆ, ಉಷ್ಣತೆಯ ಅಂಕಿ ಶೂನ್ಯಕ್ಕಿಂತ ತುಸು ಕೆಳಗಿದ್ದರೂ ಹಿಮ ಸರಿಯಾಗಿ ಕಟ್ಟದಿರಬಹುದು. ನಮ್ಮ ಗದ್ದೆಗಳಲ್ಲಿ ಡಿಸೆಂಬರ್‌ನ ನಿರ್ಮಲ ರಾತ್ರಿಗಳಲ್ಲಿ ಬೈಹುಲ್ಲಿನ ಮೇಲೆ ಇಬ್ಬನಿ ಸುರಿದು, ಮೋಡದ ರಾತ್ರಿಗಳಲ್ಲಿ ಹುಲ್ಲು ಒಣಗಿಯೇ ಇರುವುದೂ ಇದೇ ಕಾರಣದಿಂದ.

ಅಪ್ಪ ಅಮ್ಮ ಒಮ್ಮೆ ಜೂನ್ ತಿಂಗಳಲ್ಲಿ ನನ್ನಲ್ಲಿಗೆ ಬಂದಿದ್ದರು. ಜೂನ್ 1ರಿಂದ 61 ದಿನ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧವಿರುವುದರಿಂದ ಐಸ್ ಪ್ಲಾಂಟಿಗೂ ಆಗ ಕೆಲಸ ಕಡಿಮೆ. ಬ್ರೆಕೆನ್‌ರಿಜ್ ಪಟ್ಟಣದ ಆಚೆಗಿನ ಹೂಸಿಯರ್ ಪಾಸ್‌ಗೆ ಅವರನ್ನು ಕಾರಿನಲ್ಲಿ ಕರೆದೊಯ್ದೆ. ಎತ್ತರ 3,500 ಮೀಟರಿಗೂ ತುಸು ಹೆಚ್ಚು; ಅಮ್ಮನಿಗೆ ನಾಲ್ಕು ಹೆಜ್ಜೆಗೆ ಏದುಸಿರು ಬಂದು ಕಾರಿನಲ್ಲೇ ಕುಳಿತರು. ಅಪ್ಪ ಮಾತ್ರ ರಸ್ತೆ ಬದಿಯ ನೆರಳಿನಲ್ಲಿ ಉಳಿದಿದ್ದ ಹಿಮದ ರಾಶಿಯ ಬಳಿ ಹೋಗಿ ಮೊಣಕಾಲೂರಿ ಕುಳಿತರು. ಜೀವಮಾನವಿಡೀ ಐಸಿನೊಡನೆ ಇದ್ದ ಮನುಷ್ಯ ಆಕಾಶದಿಂದ ಬಿದ್ದ ಹಿಮವನ್ನು ಮೊದಲ ಬಾರಿ ಮುಟ್ಟುತ್ತಿದ್ದರು. ಕೈಗವಸು ಹಾಕಿಕೊಳ್ಳಿ ಎಂದರೆ ಕೇಳಲಿಲ್ಲ. ಮೇಲಿನ ಬಿಡಿ ಕಾಳುಗಳನ್ನು ಬೆರಳಿನಿಂದ ಸರಿಸಿ, ಕೆಳಗಿನ ಗಟ್ಟಿ ಪದರವನ್ನು ಗೆಣ್ಣಿನಿಂದ ತಟ್ಟಿ ಸದ್ದು ಕೇಳಿದರು. ಒಂದು ಹಿಡಿ ತೆಗೆದು ಹಿಂಡಿದರು. ಬೆರಳುಗಳ ಸಂದಿಯಿಂದ ನೀರು ತೊಟ್ಟಿಕ್ಕಲಿಲ್ಲ, ಅಂಗೈ ತೆರೆದಾಗ ಉಂಡೆ ನಿಲ್ಲಲೂ ಇಲ್ಲ, ಕಾಳುಗಳು ಉದುರಿದವು. "ಇದು ರಾತ್ರಿ ಕಟ್ಟಿದ್ದು," ಎಂದರು. "ಈಗ ಬಿಡ್ಲಿಕ್ಕೆ ಶುರುವಾಗಿದೆ. ಮಧ್ಯಾಹ್ನ ಬಂದ್ರೆ ಇದರಲ್ಲಿ ಎಂತದೂ ಇರುದಿಲ್ಲ." ನಾನು ಎರಡು ವರ್ಷ ತರಬೇತಿ ಪಡೆದು ಕಲಿತದ್ದನ್ನು ಅವರು ಅರ್ಧ ನಿಮಿಷದಲ್ಲಿ ಹೇಳಿದ್ದರು. ಆ ಹಿಂಡುವ ಪರೀಕ್ಷೆಯನ್ನು ಅಂದಿನಿಂದ ನಾನು ಪ್ರತಿ ಬಾರಿ ಮಾಡಿದ್ದೇನೆ.

ಹಿಮ ಕುಸಿಯುವ ವಿಷಯವನ್ನು ಬರೆಯುವಾಗ ನನಗೆ ಒಂದು ಭಾಷೆಯ ತೊಡಕು ಎದುರಾಗುತ್ತದೆ. ನಮ್ಮ ಪತ್ರಿಕೆಗಳಲ್ಲಿ ಹಿಮ ಮೃದುವಾಗಿ ಸುರಿಯುವುದಕ್ಕೂ ಹಿಮಪಾತ ಎನ್ನುತ್ತಾರೆ, ಬೆಟ್ಟದ ಮೈಯಿಂದ ಹಿಮ ಕುಸಿದು ಜನರನ್ನು ಹೂಳುವುದಕ್ಕೂ ಹಿಮಪಾತ ಎನ್ನುತ್ತಾರೆ. ಎರಡನೆಯದಕ್ಕೆ ಹಿಮಕುಸಿತ ಎಂಬ ಒಳ್ಳೆಯ ಪದವಿರುವಾಗ ಅದನ್ನೇ ಬಳಸಬೇಕೆಂದು ನನ್ನ ಆಗ್ರಹ, ಏಕೆಂದರೆ ಮೊದಲನೆಯದನ್ನು ನೋಡಲು ಜನ ಮನಾಲಿಗೆ ಹೋಗುತ್ತಾರೆ, ಎರಡನೆಯದರಿಂದ ದೂರವಿರಬೇಕು. ಕನ್ನಡಿಗರಿಗೆ ಹಿಮಕುಸಿತವೆಂದರೆ ಏನೆಂದು ಮನೆಯ ಸಂಗತಿಯಂತೆ ತಟ್ಟಿದ್ದು 2016ರ ಫೆಬ್ರವರಿಯಲ್ಲಿ, ಸಿಯಾಚಿನ್‌ನ ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಮಂದಿ ಸೈನಿಕರು ಹೂತುಹೋದಾಗ. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ಮೇಲೆ ಜೀವಂತವಾಗಿ ಸಿಕ್ಕರು. ಫೆಬ್ರವರಿ 11ರಂದು ದೆಹಲಿಯಲ್ಲಿ ತೀರಿಕೊಂಡರು. ಆ ವಾರ ಡೆನ್ವರ್‌ನ ಕನ್ನಡ ಗೆಳೆಯರ ಮನೆಗಳಲ್ಲಿ ಬೇರೆ ಮಾತೇ ಇರಲಿಲ್ಲ. ಆರು ದಿನ ಎಂಬುದು ಎಂಥ ಪವಾಡವೆಂದು ನನಗೆ ಪೂರ್ತಿ ತಿಳಿದದ್ದು ತರಬೇತಿಯಲ್ಲಿ. ಹೂತುಹೋದವರನ್ನು ಮೊದಲ 10 ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆಯಾದರೆ ಬದುಕುವವರು ಮೂವರಲ್ಲಿ ಒಬ್ಬರು.

ಆದ್ದರಿಂದ ಪ್ರತಿಯೊಬ್ಬರ ಎದೆಗೆ ಹೂತವರನ್ನು ಹುಡುಕಲು ರೇಡಿಯೊ ಸಂಕೇತ ಕಳಿಸುವ, ಹಿಡಿಯುವ 457 ಕಿಲೋಹರ್ಟ್ಸ್‌ನ ಟ್ರಾನ್ಸೀವರ್ ಕಟ್ಟಿರುತ್ತದೆ, ಚೀಲದಲ್ಲಿ ಸಲಿಕೆಯೂ ಹಿಮಕ್ಕೆ ಚುಚ್ಚಿ ಹುಡುಕುವ ಉದ್ದನೆಯ ಸರಳೂ ಇರುತ್ತವೆ. ಸಹಾಯಕ್ಕೆ ಯಾರೋ ಬರುವಷ್ಟರಲ್ಲಿ ಕಾಲ ಮೀರಿರುವುದರಿಂದ ಜೊತೆಗಾರರೇ ಅಗೆದು ತೆಗೆಯಬೇಕು. ಹೆಚ್ಚಿನ ಹಿಮಕುಸಿತಗಳು ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ಅಂದರೆ ಸ್ಕೀ ಮಾಡಲು ಮನಸ್ಸು ಹಂಬಲಿಸುವ ಇಳಿಜಾರಿನಲ್ಲೇ. ವಸಂತದ ಒದ್ದೆ ಕುಸಿತ ಚಳಿಗಾಲದ ಒಣ ಕುಸಿತದಷ್ಟು ವೇಗವಾಗಿ ಬರುವುದಿಲ್ಲ. ಆದರೆ ಅದರ ತೂಕ ಹೆಚ್ಚು, ನಿಂತೊಡನೆ ಸಿಮೆಂಟಿನಂತೆ ಬಿಗಿಯುತ್ತದೆ. ಬಯಲಿನಲ್ಲಾದರೆ ಬದಿಗೆ ಸರಿಯಬಹುದು. ಓಣಿಯಲ್ಲಿ ಬದಿ ಎಂಬುದೇ ಇಲ್ಲ. ಮೇಲಿನದೆಲ್ಲ ನಾವು ನಿಂತ ದಾರಿಯಿಂದಲೇ ಕೆಳಗೆ ಬರಬೇಕು, ಹಿಮ ಮಾತ್ರವಲ್ಲ, ಬಿಸಿಲಿಗೆ ಸಡಿಲಗೊಂಡ ಕಲ್ಲುಗಳೂ.

ನನ್ನ ಮನಸ್ಸಿನಲ್ಲಿ ಕುಳಿತಿದ್ದ ಓಣಿಯ ಹೆಸರು ಕ್ರಿಸ್ಟೊ. ಬ್ರೆಕೆನ್‌ರಿಜ್ ಬಳಿ 4,340 ಮೀಟರಿಗೂ ಮೇಲೆದ್ದ ಕ್ವಾಂಡರಿ ಶಿಖರದ ದಕ್ಷಿಣ ಮುಖದಲ್ಲಿ, ಬುಡದ ಬ್ಲೂ ಲೇಕ್ಸ್ ಅಣೆಕಟ್ಟಿನ ಬಳಿಯಿಂದ ಶಿಖರದ ಹತ್ತಿರದವರೆಗೆ ಸುಮಾರು 750 ಮೀಟರ್ ಎತ್ತರಕ್ಕೆ ಒಂದೇ ಗೆರೆಯಾಗಿ ಏರುವ ಓಣಿ ಅದು. ತೀರ ಕಷ್ಟದ್ದೆಂದು ಹೆಸರಾದುದಲ್ಲ. ಆದರೆ ದಕ್ಷಿಣಕ್ಕೆ ಮುಖಮಾಡಿರುವುದರಿಂದ ಬಿಸಿಲು ಬೇಗ ಏರುತ್ತದೆ, ತಡಮಾಡಿದವರನ್ನು ಅದು ಕ್ಷಮಿಸುವುದಿಲ್ಲ. ಸುರತ್ಕಲ್‌ನಲ್ಲಿ ಒಟ್ಟಿಗೆ ಓದಿದ ಗೆಳತಿಯೊಬ್ಬಳು ನನಗಿಂತ ಮೊದಲೇ ಆ ನಾಡಿಗೆ ಬಂದು ಹತ್ತು ವರ್ಷ ಸ್ಕೀ ಮಾಡಿದವಳು. ಅವಳೊಡನೆ ಮೇ ಮೊದಲ ವಾರದಲ್ಲಿ ಹೋಗುವುದೆಂದು ನಿಶ್ಚಯಿಸಿದೆವು.

ಆ ದಿನ ಬೆಳಗಿನ ಮೂರೂವರೆಗೆ ಕಾರಿನಿಂದ ಇಳಿದಾಗ ನಕ್ಷತ್ರಗಳು ಕಾಣಿಸಲಿಲ್ಲ. ಹತ್ತಿರದ ಹವಾಮಾನ ಕೇಂದ್ರದ ಅಂಕಿ ಶೂನ್ಯಕ್ಕಿಂತ ಒಂದು ಡಿಗ್ರಿ ಕೆಳಗೆ ತೋರಿಸುತ್ತಿತ್ತು, ನಾವಿಬ್ಬರೂ ಆ ಅಂಕಿಯನ್ನೇ ಮತ್ತೆ ಮತ್ತೆ ಹೇಳಿಕೊಂಡೆವು, ಮೋಡದ ಮಾತನ್ನು ಯಾರೂ ಎತ್ತಲಿಲ್ಲ. ಓಣಿಯ ಬುಡದಲ್ಲಿ ಸ್ಕೀಗಳನ್ನು ಬೆನ್ನಿಗೆ ಕಟ್ಟಿ, ಬೂಟಿಗೆ ಹಿಮ ಕಚ್ಚುವ ಲೋಹದ ಹಲ್ಲುಗಳ ಕ್ರ್ಯಾಂಪಾನ್ ಹಾಕಿ, ಕೈಯಲ್ಲಿ ಐಸ್ ಆ್ಯಕ್ಸ್ ಹಿಡಿದು ಹತ್ತತೊಡಗಿದೆವು. ಮೊದಲ ನೂರು ಮೀಟರ್ ಕ್ರ್ಯಾಂಪಾನಿನ ಹಲ್ಲುಗಳು ಕರ್ ಕರ್ ಎಂದು ಕಚ್ಚಿದವು, ನನಗೆ ಧೈರ್ಯ ಬಂತು. ಆಮೇಲೆ ಒಂದು ಹೆಜ್ಜೆ ಕಣಕಾಲಿನವರೆಗೆ ಕುಸಿಯಿತು. ಹತ್ತು ಹೆಜ್ಜೆ ಬಿಟ್ಟು ಇನ್ನೊಂದು. ಬೆಳಕು ಹರಿದಾಗ ನಾವು ಮೂರನೆಯ ಒಂದು ಭಾಗ ಏರಿದ್ದೆವು. ನಿಂತು ಸ್ಕೀ ಕೋಲನ್ನು ತಿರುಗಿಸಿ ಹಿಡಿಯ ಬದಿಯಿಂದ ಹಿಮಕ್ಕೆ ಒತ್ತಿದೆ. ಮೇಲಿನ ಎರಡು ಸೆಂಟಿಮೀಟರ್ ಹಪ್ಪಳದಂಥ ಪದರ ಪಟ್ಟೆಂದು ಒಡೆದು, ಕೋಲು ಮೊಣಕೈ ಉದ್ದಕ್ಕೂ ತಡೆಯಿಲ್ಲದೆ ಇಳಿದುಹೋಯಿತು. ಒಂದು ಹಿಡಿ ತೆಗೆದು ಹಿಂಡಿದೆ. ಕೈಗವಸಿನಿಂದ ನೀರು ಸುರಿಯಿತು.

"ಕಟ್ಟಲಿಲ್ಲ ಅಲ್ವಾ?" ಎಂದು ಕೆಳಗಿನಿಂದ ಅವಳು ಕೇಳಿದಳು.

"ಇಲ್ಲ ಮಾರಾಯ್ತಿ."

"ಹಾಗಾದ್ರೆ ಇಳಿಯುವ."

ಇಷ್ಟೇ ಮಾತು. ಸಮಯ ಆರು ಇಪ್ಪತ್ತು. ಹೊರಡುವ ಮೊದಲೇ ಒಪ್ಪಂದ ಮಾಡಿಕೊಂಡಿದ್ದೆವು, ಇಬ್ಬರಲ್ಲಿ ಒಬ್ಬರು ಬೇಡವೆಂದರೆ ಇನ್ನೊಬ್ಬರು ಕಾರಣ ಕೇಳಬಾರದು ಎಂದು. ನಾವು ಹಿಂದಕ್ಕೆ ತಿರುಗಿ ಇಳಿಯುತ್ತಿದ್ದಾಗ ಮೂವರ ಒಂದು ತಂಡ ನಮ್ಮನ್ನು ದಾಟಿ ಮೇಲಕ್ಕೆ ಹೋಯಿತು. ಶುಭಕೋರಿದೆವು, ಹಿಮದ ಸ್ಥಿತಿ ಹೇಳಿದೆವು; ಅವರು ನೋಡೋಣ ಎಂದರು. ಅಣೆಕಟ್ಟಿನ ಬಳಿ ಕುಳಿತು ಚಹಾ ಕುಡಿಯುತ್ತಾ ಅವರನ್ನೇ ನೋಡುತ್ತಿದ್ದೆವು. ಒಂಬತ್ತಕ್ಕೆ ಅವರು ತುದಿಯಿಂದ ಹೊರಟು, ದೊಡ್ಡ ದೊಡ್ಡ ತಿರುವು ತೆಗೆಯುತ್ತಾ, ಕೂಗಿ ಸಂಭ್ರಮಿಸುತ್ತಾ ಬುಡದವರೆಗೆ ಬಂದರು. ಏನೂ ಆಗಲಿಲ್ಲ.

ಆ ದಿನ ಮನೆಗೆ ಮರಳುವ ದಾರಿಯಲ್ಲಿ ನನಗಾದ ಕಸಿವಿಸಿಯನ್ನು ನಾನು ಮುಚ್ಚಿಡುವುದಿಲ್ಲ. ನಾವು ಅಂಜಿದೆವೇ, ಅವರು ಬಲ್ಲವರೇ ಎಂಬ ಪ್ರಶ್ನೆ ವಾರವಿಡೀ ಕಾಡಿತು. ಬಹಳ ಯೋಚಿಸಿದ ಮೇಲೆ ನನಗೆ ಹೊಳೆದದ್ದು ಇದು: ಐಸ್ ಪ್ಲಾಂಟಿನಲ್ಲಿ ಅಪ್ಪನ ಲೆಕ್ಕ ತಪ್ಪಿದರೆ ಮರುದಿನವೇ ಗೊತ್ತಾಗುತ್ತಿತ್ತು, ಕ್ಯಾನು ಎತ್ತಿದಾಗ ದಿಮ್ಮಿಯ ನಡುವೆ ನೀರು ಕುಲುಕುತ್ತಿತ್ತು. ಬೆಟ್ಟ ಹಾಗೆ ಹೇಳುವುದಿಲ್ಲ. ಹಿಮ ಕಟ್ಟದ ಬೆಳಗಿನಲ್ಲಿ ಹತ್ತು ಬಾರಿ ಹೋದರೆ ಎಂಟೊಂಬತ್ತು ಬಾರಿ ಏನೂ ಆಗದೆ ಬರಬಹುದು, ಪ್ರತಿ ಬಾರಿಯೂ ತನ್ನ ನಿರ್ಧಾರ ಸರಿಯಾಗಿತ್ತು ಎಂಬ ನಂಬಿಕೆ ಬಲಿಯುತ್ತಾ ಹೋಗುತ್ತದೆ, ಆ ನಂಬಿಕೆಗೆ ಹಿಮದೊಡನೆ ಯಾವ ಸಂಬಂಧವೂ ಇರುವುದಿಲ್ಲ. ಅವರು ಕ್ಷೇಮವಾಗಿ ಇಳಿದದ್ದರಿಂದ ನಾವು ತಪ್ಪೆಂದು ಆಗಲಿಲ್ಲ. ನಾವು ಸರಿ ಎಂಬುದಕ್ಕೂ ನನ್ನ ಬಳಿ ಪುರಾವೆ ಇಲ್ಲ. ಕೋಲು ಇಳಿದುಹೋದ ಆಳ ಮಾತ್ರ ನನಗೆ ಗೊತ್ತಿತ್ತು, ಅದನ್ನೇ ನಂಬಿ ಇಳಿದೆ.

ಮತ್ತೆ ಹೋಗಲು ಹಿಮ ಕಟ್ಟುವ ರಾತ್ರಿಗಾಗಿ ಕಾಯುತ್ತಿದ್ದ ಆ ದಿನಗಳಲ್ಲಿ ನಾನು ಸಿಲ್ವಾನ್ ಸೋದಾನ್ ಎಂಬ ಸ್ವಿಸ್ ಸ್ಕೀಗಾರನ ವಿಷಯ ಓದಿದೆ. 1967ರಲ್ಲಿ ಫ್ರಾನ್ಸಿನ ಶಾಮೊನಿಯ ಮೇಲೆ ಸ್ಪೆನ್ಸರ್ ಕೂಲ್ವಾರ್ ಎಂಬ, ಸುಮಾರು 55 ಡಿಗ್ರಿಯ ಓಣಿಯನ್ನು ಆತ ಇಳಿದದ್ದು ಕಡಿದಾದ ಇಳಿಜಾರಿನ ಸ್ಕೀಗೆ ಆರಂಭವೆಂದು ಹಲವರು ಹೇಳುತ್ತಾರೆ. ನನಗೆ ಹೆಚ್ಚು ಹತ್ತಿರವೆನಿಸಿದ್ದು 1977ರಲ್ಲಿ ಆತ ನಮ್ಮ ದೇಶದ ಝಂಸ್ಕಾರ್ ಸೀಮೆಯ 7,135 ಮೀಟರ್ ಎತ್ತರದ ನನ್ ಶಿಖರದಿಂದ ಸ್ಕೀಯಲ್ಲಿ ಇಳಿದಿದ್ದನೆಂಬ ಸಂಗತಿ. ಸ್ಕೀ ಎಂದರೆ ಯೂರೋಪು, ಅಮೆರಿಕ ಎಂದುಕೊಂಡವರಿಗೆ ಹಿಮಾಲಯ ನೆನಪಾಗುವುದೇ ಇಲ್ಲ. 2020ರ ಅಕ್ಟೋಬರ್‌ನಲ್ಲಿ ಅಟಲ್ ಸುರಂಗ ತೆರೆದ ಮೇಲೆ ಮನಾಲಿಯಿಂದ ಲಾಹೌಲ್ ಕಣಿವೆಗೆ ಚಳಿಗಾಲದಲ್ಲೂ ರಸ್ತೆ ದಾಟಬಹುದಾಗಿದೆ. ಅಲ್ಲಿ ಮಾರ್ಚ್ ಏಪ್ರಿಲ್‌ನಲ್ಲಿ ಹಿಮ ತುಂಬಿದ ಓಣಿಗಳಿಗೆ ಲೆಕ್ಕವಿಲ್ಲ. ಆದರೆ ಮನಾಲಿ ಇರುವುದು 32 ಡಿಗ್ರಿ ಉತ್ತರದಲ್ಲಿ, ಶಾಮೊನಿ 46ರ ಹತ್ತಿರ. ನಮ್ಮ ಸೂರ್ಯ ಹೆಚ್ಚು ಮೇಲಕ್ಕೆ ಏರುತ್ತಾನೆ, ಬೆಳಗಿನ ಗಳಿಗೆ ಇನ್ನೂ ಬೇಗ ಮುಚ್ಚುತ್ತದೆ. ಕರಾವಳಿಯ ಹುಡುಗ ಹುಡುಗಿಯರು ಯಾರಾದರೂ ಇದನ್ನು ಓದಿ ಉತ್ಸಾಹಗೊಂಡರೆ ಮೊದಲು ಮನಾಲಿಯ ಪರ್ವತಾರೋಹಣ ಸಂಸ್ಥೆಯಲ್ಲೋ ಗುಲ್ಮಾರ್ಗ್‌ನ ಸ್ಕೀ ಸಂಸ್ಥೆಯಲ್ಲೋ ಕಲಿಯಬೇಕು, ಚಂಡೀಗಢದ ರಕ್ಷಣಾ ಸಂಶೋಧನಾ ಸಂಸ್ಥೆ ಹೊರಡಿಸುವ ಹಿಮಕುಸಿತದ ಮುನ್ಸೂಚನೆಯನ್ನು ಓದುವ ಅಭ್ಯಾಸ ಮಾಡಿಕೊಳ್ಳಬೇಕು.

ಎಂಟನೆಯ ದಿನ ಮತ್ತೆ ಹೋದೆವು. ಹಿಂದಿನ ಸಂಜೆಯೇ ಆಕಾಶ ತೊಳೆದಂತಿತ್ತು. ಮೂರಕ್ಕೆ ಕಾರಿನ ಬಾಗಿಲು ತೆರೆದಾಗ ಮೂಗಿನೊಳಗಿನ ಕೂದಲು ಸೆಟೆದುಕೊಂಡಿತು, ತಲೆಯ ಮೇಲೆ ನಕ್ಷತ್ರಗಳು ರಾಶಿಯಾಗಿದ್ದವು. ಕ್ರ್ಯಾಂಪಾನ್ ಬುಡದಿಂದ ತುದಿಯವರೆಗೆ ಒಂದೇ ಸದ್ದು ಮಾಡಿತು. ಮುಂಗಾಲ ಹಲ್ಲುಗಳು ಮಾತ್ರ ಊರುತ್ತಿದ್ದವು, ಎಲ್ಲಿಯೂ ಹೆಜ್ಜೆ ಕುಸಿಯಲಿಲ್ಲ. ಅಲ್ಲಲ್ಲಿ ಹಿಮದಲ್ಲಿ ಕಂದು ಗೆರೆಗಳಿದ್ದವು. ನೈರುತ್ಯದ ಮರುಭೂಮಿಯಿಂದ ವಸಂತದ ಗಾಳಿ ಹೊತ್ತು ತಂದ ಧೂಳು ಅದು, ನಮ್ಮ ಮಣ್ಣು ರಸ್ತೆಯ ಬದಿಯ ಎಲೆಗಳ ಮೇಲೆ ಕೂರುವ ಕೆಂಪು ಧೂಳಿನ ಹಾಗೆ. ಧೂಳು ಬಿದ್ದ ಹಿಮ ಬಿಸಿಲನ್ನು ಹೆಚ್ಚು ಹೀರಿ ಬೇಗ ಕರಗುವುದರಿಂದ ಆ ಗೆರೆಗಳ ಮೇಲೆ ಕಣ್ಣಿಟ್ಟೇ ಹತ್ತಿದೆವು. ಏಳೂವರೆಗೆ ತುದಿ ತಲಪಿ, ಬಂಡೆಯ ಮರೆಯಲ್ಲಿ ಕುಳಿತು, ಅವಸರಿಸದೆ ಕಾದೆವು. ಎಂಟಕ್ಕೆ ಕೈಯಿಂದ ಕೆರೆದೆ, ಉಗುರಿಗೆ ಬಗ್ಗಲಿಲ್ಲ. ಎಂಟೂಕಾಲಿಗೆ ಮೇಲ್ಮೈ ತುಸು ಮಂಕಾಗಿ ಹೊಳಪು ಕಳೆದುಕೊಂಡಿತು. ಎಂಟೂವರೆಗೆ ಬೆರಳಿಗೆ ಕಾಳು ಸಿಕ್ಕಿತು; ಹಿಂಡಿದೆ, ನೀರಿಲ್ಲ, ಅಂಗೈ ತೆರೆದಾಗ ಉದುರಿತು.

ಸ್ಕೀ ಹಾಕಿಕೊಂಡು ಓಣಿಯ ಬಾಯಿಗೆ ಅಡ್ಡಲಾಗಿ ನಿಂತಾಗ ಕಾಲು ನಡುಗಿತು. ಕಡಿದಾದಲ್ಲಿ ತಿರುವು ತೆಗೆಯುವುದೆಂದರೆ ಹಾರುವುದು. ಕೆಳಗಿನ ಕೋಲನ್ನು ಸಾಧ್ಯವಾದಷ್ಟು ಕೆಳಗೆ ಊರಿ, ಎದೆಯನ್ನು ಕಣಿವೆಯ ಕಡೆಗೆ ತಿರುಗಿಸಿ, ಎರಡೂ ಸ್ಕೀಗಳನ್ನು ಒಟ್ಟಿಗೆ ಹಿಮದಿಂದ ಎತ್ತಿ, ಗಾಳಿಯಲ್ಲೇ ದಿಕ್ಕು ಬದಲಿಸಿ, ಇನ್ನೊಂದು ಬದಿಗೆ ಅಡ್ಡಲಾಗಿ ಇಳಿಸಬೇಕು. ಭಯಕ್ಕೆ ಮೈ ಬೆಟ್ಟದ ಕಡೆಗೆ ವಾಲುತ್ತದೆ. ವಾಲಿದರೆ ಸ್ಕೀಯ ಅಂಚು ಹಿಡಿತ ಬಿಡುತ್ತದೆ. ಕೆಳಗಿನ ಖಾಲಿಯ ಕಡೆಗೇ ಭಾರ ಕೊಡಬೇಕೆಂಬುದನ್ನು ಮೈಗೆ ಒಪ್ಪಿಸಲು ನನಗೆ ಮೂರು ವಸಂತಗಳು ಹಿಡಿದಿದ್ದವು. ಮೊದಲ ತಿರುವಿನಲ್ಲಿ ಅಂಚು ಕಚ್ಚಿದ ಸದ್ದು ಕೇಳಿತು, ರವೆಯನ್ನು ಮೊರದಲ್ಲಿ ಕೇರಿದಾಗ ಬರುವಂಥ ಸದ್ದು. ಬಿಡಿಯಾದ ಕಾಳುಗಳು ನನ್ನ ಪಕ್ಕದಿಂದ ಹಿಸ್ಸೆನ್ನುತ್ತಾ ಕೆಳಗೆ ಹರಿದವು. ಎರಡು ತಿರುವು ತೆಗೆದು ಅವು ಮುಂದೆ ಹೋಗಲೆಂದು ನಿಂತೆ, ಮತ್ತೆ ಎರಡು ತಿರುವು. ಬಂಡೆಯ ಮೂಲೆ ಸಿಕ್ಕಲ್ಲಿ ಬದಿಗೆ ಸರಿದು ಕೈಯೆತ್ತಿದೆ, ಅವಳು ಹೊರಟಳು. ಒಬ್ಬರು ಇಳಿಯುವಾಗ ಇನ್ನೊಬ್ಬರು ಮರೆಯಲ್ಲಿ ನಿಂತು ನೋಡಬೇಕು, ಇದರಲ್ಲಿ ರಾಜಿಯಿಲ್ಲ. ನಡುವಿನ ಭಾಗ ತುಸು ಅಗಲವಾಗಿ, ಓರೆ ಕಡಿಮೆಯಾದಾಗ ಹಾರುವ ಅಗತ್ಯವಿರಲಿಲ್ಲ. ಸ್ಕೀಗಳು ತಾವಾಗಿ ಬಾಗಿ ಹರಿಯತೊಡಗಿದವು, ಆ ಮುನ್ನೂರು ಮೀಟರಿನಲ್ಲಿ ನಾನು ಏನನ್ನೂ ಯೋಚಿಸಲಿಲ್ಲ, ಗಾಳಿಗೆ ಕಣ್ಣಲ್ಲಿ ನೀರು ಬರುತ್ತಿತ್ತು, ಅಣೆಕಟ್ಟು ದೊಡ್ಡದಾಗುತ್ತಾ ಬಂತು.

ಬುಡದಲ್ಲಿ ಹುಲ್ಲು ಕಾಣಿಸಿದ್ದ ಒಂದು ಒಣ ಜಾಗದಲ್ಲಿ ಬೂಟು ಸಡಿಲಿಸಿ ಕುಳಿತೆವು. ಹತ್ತಕ್ಕೆ ಎದುರು ಬದಿಯ ಇಳಿಜಾರಿನಲ್ಲಿ ಬಂಡೆಯೊಂದರ ಕೆಳಗಿನಿಂದ ಒದ್ದೆ ಹಿಮದ ಉಂಡೆಗಳು ಉರುಳಿ, ಬೀಸಣಿಗೆಯ ಆಕಾರದಲ್ಲಿ ಹರಡಿ ನಿಂತವು. ಸದ್ದು ನಮ್ಮವರೆಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಾರಿನಲ್ಲಿ ಸ್ವಲ್ಪ ದೂರ ಬಂದು ಮೊಬೈಲಿಗೆ ಸಿಗ್ನಲ್ ಸಿಕ್ಕಿದ ಕಡೆ ನಿಲ್ಲಿಸಿ ಮನೆಗೆ ಕರೆ ಮಾಡಿದೆ. ಊರಿನಲ್ಲಿ ರಾತ್ರಿ ಹತ್ತೂವರೆ ಆಗಿರಬೇಕು. ಮೊದಲ ರಿಂಗಿಗೇ ಅಪ್ಪ ಎತ್ತಿದರು.

"ಎಷ್ಟು ಗಂಟೆಗೆ ಇಳಿದದ್ದು?"

"ಎಂಟು ಮುಕ್ಕಾಲಿಗೆ, ಅಪ್ಪ."

"ರಾತ್ರಿ ಮೋಡ?"

"ಇರ್ಲಿಲ್ಲ. ನಕ್ಷತ್ರ ಇತ್ತು ತುಂಬ."

"ಹಿಂಡಿ ನೋಡಿದ್ಯಾ?"

"ನೋಡಿದೆ. ನೀರು ಬರ್ಲಿಲ್ಲ, ಉದುರಿತು."

ಫೋನಿನಿಂದ ಬಾಯಿ ತಿರುಗಿಸಿ ಅವರು ಒಳಗೆ ಅಮ್ಮನಿಗೆ ಕೂಗಿ ಹೇಳಿದ್ದು ಕೇಳಿಸಿತು: "ಇಳಿದಾಯ್ತಂತೆ. ಊಟ ಬಡಿಸು."